ಏಳನೇ ಒಂದು ಭಾಗ ಸತ್ಯ

ಶಾಸನಗಳ ತೇದಿಯನ್ನು ಪರಿಶೀಲಿಸುವುದರಲ್ಲೇ ವೃತ್ತಿಜೀವನವನ್ನು ಸವೆಸಿದ ನನ್ನಂಥವನು ತಟ್ಟೆಯ ವಿಷಯದಲ್ಲಿ ಮೋಸ ಹೋಗುವುದು ಸಾಧ್ಯವೇ ಇಲ್ಲ. ಈ ನಂಬಿಕೆ ನನಗೆ ಕಳೆದ ಶ್ರಾವಣದವರೆಗೂ ಇತ್ತು.

ನಿವೃತ್ತಿಯ ನಂತರ ನಾನು ಹಳೆಯ ಫ್ರೆಂಚ್ ಪಿಂಗಾಣಿ ತಟ್ಟೆಗಳ ಸಂಗ್ರಹಕ್ಕೆ ಕೈಹಾಕಿದೆ. ಸಾಮಾನ್ಯ ತಟ್ಟೆಗಳಲ್ಲ. ಸುತ್ತ ಚಿಪ್ಪಿನಾಕಾರದ ಆರು ಕುಳಿಗಳು, ನಡುವೆ ದುಂಡನೆಯ ಇನ್ನೊಂದು ಕುಳಿ, ಅಂಚಿನಲ್ಲಿ ಕಡಲಪಾಚಿಯ ಉಬ್ಬುಚಿತ್ರ, ಮೇಲೆ ಗಾಜಿನಂಥ ಮೆರುಗು. ಇವುಗಳ ಉಪಯೋಗವೇನೆಂದರೆ, ಫ್ರಾನ್ಸಿನ ಜನ ಸಿಂಪಿ ಎಂಬ ಕಡಲಜೀವಿಯನ್ನು ಚಿಪ್ಪಿನ ಸಮೇತ ಇದರಲ್ಲಿಟ್ಟು, ನಿಂಬೆರಸ ಹಿಂಡಿ, ಹಸಿಹಸಿಯಾಗಿಯೇ ನುಂಗುತ್ತಾರೆ.

ಏಕಾದಶಿಯಂದು ಅನ್ನವನ್ನೂ ಮುಟ್ಟದ ನನ್ನ ಹೆಂಡತಿ ನಾಗರತ್ನಳಿಗೆ ಇದನ್ನು ಹೇಳುವುದು ಹೇಗೆ?

"ಏನ್ರೀ ಇದು, ಇಷ್ಟೊಂದು ಗುಂಡಿ?" ಎಂದು ಅವಳು ಮೊದಲ ತಟ್ಟೆ ಬಂದ ದಿನವೇ ಕೇಳಿದ್ದಳು.

"ಫ್ರಾನ್ಸಿನವರು ಚಟ್ನಿ ಹಾಕಿಕೊಳ್ಳೋ ತಟ್ಟೆ ಕಣೇ," ಎಂದೆ.

ಇದನ್ನು ಸುಳ್ಳೆನ್ನಲಾಗದು! ನಡುವಿನ ಕುಳಿಯಲ್ಲಿ ಅವರು ನಿಜಕ್ಕೂ ನಂಜಿಕೊಳ್ಳುವ ವ್ಯಂಜನವನ್ನೇ ಇಡುತ್ತಾರೆ. ಆದ್ದರಿಂದ ನನ್ನ ಹೇಳಿಕೆ ಏಳನೇ ಒಂದು ಭಾಗದಷ್ಟು ಸತ್ಯವಾಗಿತ್ತು.

ಹೀಗೆ ನಾಲ್ಕು ತಟ್ಟೆಗಳು ವಿದ್ಯಾರಣ್ಯಪುರದ ನಮ್ಮ ಹಾಲಿನ ಗೋಡೆಯನ್ನೇರಿದವು. ಐದನೆಯದು ಇಡೀ ಸಂಗ್ರಹಕ್ಕೆ ಕಳಶಪ್ರಾಯ. ನವಿಲುಗರಿಯ ಹಸಿರು! ಬೆನ್ನಿನಲ್ಲಿ ಹಳದಿಗಟ್ಟಿದ ಒಂದು ಕಾಗದದ ಚೀಟಿ, ಅದರ ಮೇಲೆ ಮಸುಕಾದ ಫ್ರೆಂಚ್ ಅಕ್ಷರಗಳು. ನಾನು ಮೂರು ಗ್ರಂಥಗಳನ್ನೂ ಎರಡು ಹರಾಜು ಸೂಚಿಗಳನ್ನೂ ತಾಳೆ ನೋಡಿ, ಇದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದೆಂದು ತೀರ್ಮಾನಿಸಿದೆ. ಮನೆಯವರೆಲ್ಲರಿಗೂ ಕಟ್ಟಪ್ಪಣೆ ಹೊರಡಿಸಿದೆ: "ಈ ತಟ್ಟೆಯನ್ನು ಯಾರೂ ತೊಳೆಯಕೂಡದು. ಚೀಟಿ ಮೂಲ ಆಕರ. ಆಕರಕ್ಕೆ ನೀರು ತಾಗಬಾರದು." ಮನೆಯವರೆಲ್ಲರೂ ಎಂದರೆ ನಾಗರತ್ನ ಒಬ್ಬಳೇ.

ವರಮಹಾಲಕ್ಷ್ಮಿ ಹಬ್ಬದ ದಿನ ನಾನು ಸ್ನಾನ ಮುಗಿಸಿ, ಪಂಚೆಯುಟ್ಟು ಹಾಲಿಗೆ ಬಂದವನು ಕಂಬದಂತೆ ನಿಂತೆ. ದೇವಿಯ ಕಳಶದ ಮುಂದೆ ನನ್ನ ಐದನೆಯ ತಟ್ಟೆ! ಆರು ಕುಳಿಗಳಲ್ಲಿ ಅರಿಶಿನ, ಕುಂಕುಮ, ಗಂಧ, ಅಕ್ಷತೆ, ಸೇವಂತಿಗೆ ದಳ, ಕಲ್ಲುಸಕ್ಕರೆ. ನಡುವೆ ಬೆಳ್ಳಿಯ ಪುಟ್ಟ ದೀಪ. ಸುತ್ತಲೂ ಬಡಾವಣೆಯ ಮುತ್ತೈದೆಯರು.

"ಎಷ್ಟ್ ಚೆನ್ನಾಗಿದೆ ರೀ! ಅರಿಶಿನ ಕುಂಕುಮಕ್ಕೇ ಅಂತ ಮಾಡ್ಸಿದ ಹಾಗಿದೆ," ಎಂದು ಒಬ್ಬರು ಮೆಚ್ಚಿದರು.

ನನಗೆ ಎರಡು ಭಯಗಳು ಒಟ್ಟಿಗೇ ಹುಟ್ಟಿದವು. ಅರಿಶಿನ ಹಳೆಯ ಮೆರುಗಿನೊಳಗೆ ಇಳಿದರೆ ಮತ್ತೆ ಬಿಡುವುದಿಲ್ಲ. ಅದಕ್ಕಿಂತ ಘೋರವಾದದ್ದು, ತಟ್ಟೆಯ ಪೂರ್ವಾಶ್ರಮ ತಿಳಿದರೆ ನಾಗರತ್ನಳ ವ್ರತದ ಗತಿಯೇನು? ನನ್ನ ಗತಿಯೇನು?

ವಿದ್ವತ್ತು ಇಂಥ ಹೊತ್ತಿಗಲ್ಲದೆ ಇನ್ನಾವಾಗ? ನಾನು ಗಂಟಲು ಸರಿಪಡಿಸಿಕೊಂಡು ಘೋಷಿಸಿದೆ: "ಈ ತಟ್ಟೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಭಿನ್ನವಾದ ಪಾತ್ರೆ ಪೂಜೆಗೆ ನಿಷಿದ್ಧ."

ಆರ್.ಟಿ. ನಗರದಿಂದ ಹಬ್ಬಕ್ಕೆ ಬಂದಿದ್ದ ನಮ್ಮಕ್ಕ ಕೂತಲ್ಲಿಂದಲೇ ಗದರಿದಳು. "ಬಿರುಕು ಬಿಟ್ಟಿದ್ರೆ ಮನೇಲೇ ಇರ್ಬಾರ್ದು ಕಣೋ! ಗೋಡೇಲಿರೋವೂ ಅಂಥವೇನಾ? ಎಲ್ಲಾ ಒಟ್ಟಿಗೆ ಕಸದ ಗಾಡಿಗೆ ಹಾಕು."

"ಇಲ್ಲ ಅಕ್ಕಾ, ಬಿರುಕಲ್ಲ! ಬಿರುಕಿನಂತೆ ಕಾಣುತ್ತೆ, ಅಷ್ಟೇ! ಅದು ಪ್ರಾಚೀನತೆಯ ಲಕ್ಷಣ!"

"ಹಾಗಾದ್ರೆ ಇರ್ಲಿ ಬಿಡು, ಲಕ್ಷಣವಾಗೇ ಇದೆ," ಎಂದು ಅಕ್ಕ ಅದಕ್ಕೆ ಇನ್ನೊಂದು ಚಮಚ ಅರಿಶಿನ ಸುರಿದಳು.

ಆಗ ಒಳಗೆ ಬಂದರು ಪಕ್ಕದ ಮನೆಯ ಶೈಲಜಾ. ಕರಾವಳಿಯವರು. ಹೋದ ವರ್ಷವಷ್ಟೇ ಗಂಡನೊಂದಿಗೆ ಯೂರೋಪ್ ಪ್ರವಾಸ ಮುಗಿಸಿದವರು. ಕುಂಕುಮಕ್ಕೆ ಬೆರಳು ಚಾಚಿದವರು ಹಾಗೆಯೇ ನಿಂತರು.

"ಅಯ್ಯೋ ಸಾರ್, ಇದು ಆಯ್ಸ್ಟರ್ ತಟ್ಟೆ ಅಲ್ವಾ? ಪ್ಯಾರಿಸ್‌ನಲ್ಲಿ ನಮ್ ಪಕ್ಕದ ಟೇಬಲ್ಲೋರು ಇದರಲ್ಲೇ ಹಸಿ ಸಿಂಪಿ ತಿಂತಾ ಇದ್ರು. ಒಳ್ಗಡೆ ಇನ್ನೂ ಜೀವ ಇರುತ್ತಂತೆ!"

ಅಕ್ಕನ ಕೈಯ ಚಮಚ ಕೆಳಗೆ ಬಿತ್ತು.

ಇನ್ನು ಮುಚ್ಚಿಡುವುದು ವ್ಯರ್ಥವೆಂದು ನಾನು ಕೈಜೋಡಿಸಿ ಸಕಲವನ್ನೂ ನಿವೇದಿಸಿದೆ. ಸಿಂಪಿ, ನಿಂಬೆರಸ, ಏಳನೇ ಒಂದು ಭಾಗದ ಸತ್ಯ, ಯಾವುದನ್ನೂ ಬಿಡಲಿಲ್ಲ. "ನೂರು ವರ್ಷಕ್ಕೂ ಹಿಂದಿನಿಂದ ಈ ತಟ್ಟೆಯಲ್ಲಿ ಎಷ್ಟು ಜೀವಿಗಳು ಹೋದವೋ! ಪೂಜೆಯನ್ನು ಮತ್ತೆ ಮಾಡಿಸೋಣ ನಾಗೂ," ಎಂದು ಅಂಗಲಾಚಿದೆ.

ನಾಗರತ್ನ ತಾಂಬೂಲ ಜೋಡಿಸುವುದನ್ನು ನಿಲ್ಲಿಸಲೇ ಇಲ್ಲ.

"ಮೊದಲ್ನೇ ತಟ್ಟೆ ಬಂದ ದಿನವೇ ಫೋನಲ್ಲಿ ಫೋಟೋ ಹಿಡಿದು, ಇಂಟರ್ನೆಟ್ಟಲ್ಲಿ ಹುಡುಕಿ ನೋಡ್ಕೊಂಡೆ ರೀ. ಇವ್ರು ಯಾವಾಗ ಬಾಯಿ ಬಿಡ್ತಾರೆ ಅಂತ ಕಾಯ್ತಾ ಇದ್ದೆ. ಗೋಡೆ ಮೇಲಿರೋ ನಾಲ್ಕನ್ನ ನಾನು ಮುಟ್ಟಿದೀನಾ?"

"ಮತ್ತೆ ಇದು?"

"ಇದು ಹೊಸದು. ಇದರಲ್ಲಿ ಯಾರೂ ಏನೂ ತಿಂದಿಲ್ಲ."

ನನ್ನೊಳಗಿನ ಸಂಶೋಧಕ ಸಿಡಿದೆದ್ದ. "ಹೊಸದೇ? ಮೂರು ಗ್ರಂಥಗಳನ್ನು ತಾಳೆ ನೋಡಿದ್ದೇನೆ! ಆಕರ ಇದೆ!"

"ನಿಮ್ಮ ಆಕರ ನಿನ್ನೆ ನೀರಲ್ಲಿ ನೆನೆದು ತಾನೇ ಬಿಟ್ಕೊಂಡ್ ಬಂತು. ಅದರ ಅಡೀಲಿ ಏನಿದೆ ನೋಡಿ."

ದೀಪವನ್ನು ಇಳಿಸಿ, ಆರೂ ಕುಳಿಗಳನ್ನು ಬಾಳೆಲೆಗೆ ಬರಿದು ಮಾಡಿ, ತಟ್ಟೆಯನ್ನು ಮಗುಚಿ ಹಿಡಿದಳು. ಚೀಟಿಯಿದ್ದ ಜಾಗದಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ಅಕ್ಷರಗಳಿದ್ದವು. ಮೈಕ್ರೋವೇವ್‌ನಲ್ಲಿ ಬಳಸಬಹುದಂತೆ!

ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. ಪಾಠಭೇದವಿರಲಿಲ್ಲ. ಶೈಲಜಾ ಸಮಾಧಾನ ಹೇಳಿದರು: "ಗಟ್ಟಿಮುಟ್ಟಾಗಿದೆ ಸಾರ್, ದಿನಾ ಯೂಸ್ ಮಾಡ್ಬಹುದು."

ಅವರ ಮಾತಿನಂತೆಯೇ ನಡೆದಿದೆ. ತಟ್ಟೆ ಈಗ ಅಡುಗೆಮನೆಯಲ್ಲಿದೆ. ಭಾನುವಾರ ಇಡ್ಲಿಯ ಜೊತೆ ನಾಗರತ್ನ ಅದರಲ್ಲಿ ಕಾಯಿ, ಪುದೀನ, ಹೀರೆಸಿಪ್ಪೆ, ಶೇಂಗಾ ಎಂದು ಕುಳಿಗೊಂದು ಬಗೆ ಬಡಿಸಿ, ಬಂದವರಿಗೆಲ್ಲ ಹೇಳುತ್ತಾಳೆ: "ಫ್ರಾನ್ಸಿನ ಚಟ್ನಿ ತಟ್ಟೆ ಕಣ್ರೀ. ನಮ್ಮೆಜಮಾನ್ರೇ ಕಂಡುಹಿಡಿದಿದ್ದು."

ಏಳೂ ಕುಳಿಗಳಲ್ಲಿ ಚಟ್ನಿ! ಅಂದು ನಾನಾಡಿದ ಮಾತು ಇಂದು ಏಳಕ್ಕೆ ಏಳು ಭಾಗವೂ ಸತ್ಯ. ನನ್ನ ಸಂಶೋಧನೆಗಳ ಪೈಕಿ ಯಾರೂ ಅಲ್ಲಗಳೆಯಲಾಗದೆ ಉಳಿದಿರುವುದು ಇದೊಂದೇ.