ಕಾರ್ಡು ಕೊಟ್ಟೆ, ಕರೆಯಲಿಲ್ಲ

ಬೆಂಗೇರಿಯ ನಮ್ಮ ಹೊಸ ಅಪಾರ್ಟ್‌ಮೆಂಟಿನ ಉದ್ಘಾಟನೆಯ ಜವಾಬ್ದಾರಿ ಯಾರು ಹೊರುತ್ತೀರಿ ಎಂದು ಬಿಲ್ಡರ್ ಕೇಳಿದಾಗ, ಇಪ್ಪತ್ಮೂರು ಮನೆಯವರು ತಂತಮ್ಮ ಮೊಬೈಲಿನಲ್ಲಿ ಏನೋ ಹುಡುಕತೊಡಗಿದರು. ಇಪ್ಪತ್ನಾಲ್ಕನೆಯವನು ಕೈ ಎತ್ತಿದ. ಆ ಮಹಾಶಯ ನಾನೇ!

ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಶಾಲೆಯ ಎಷ್ಟೋ ವಾರ್ಷಿಕ ಗ್ಯಾದರಿಂಗಿಗೆ ಪರದೆ ಬರೆದವನಿಗೆ ಇದೇನು ಮಹಾ ಎನಿಸಿತ್ತು. ಸ್ವಾರ್ಥವೂ ಇತ್ತು, ಮುಚ್ಚಿಡುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಹಳೆಯ ಮನೆಯಲ್ಲಿ ಇರಲಾರದೆ ಇಲ್ಲಿಗೆ ಬಂದೆ. ನಾಲ್ಕು ತಿಂಗಳಲ್ಲಿ ನನ್ನೊಡನೆ ತಪ್ಪದೆ ಮಾತಾಡಿದ್ದು ಲಿಫ್ಟ್ ಒಂದೇ. ಅದೂ ಬಾಗಿಲು ಮುಚ್ಚಿ ಎಂದು! ಈ ನೆವದಲ್ಲಾದರೂ ಸಂಜೆ ಹೊತ್ತು ಒಳಗೆ ಕರೆದು ಚಹಾ ಕೊಡುವ ಒಂದು ಮನೆ ಸಿಕ್ಕರೆ ಸಾಕಿತ್ತು.

ಮೊದಲ ಕೆಲಸ ಆಮಂತ್ರಣ ಪತ್ರಿಕೆ. ಇಪ್ಪತ್ನಾಲ್ಕು ಯಜಮಾನರಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ? ಜಗಳವೇ ಬೇಡವೆಂದು ಎಲ್ಲ ಹೆಸರನ್ನೂ ತೆಗೆದುಹಾಕಿದೆ. ಪ್ರೆಸ್ಸಿನವರು ತಲೆ ಕೆರೆದುಕೊಂಡರು.

"ಸುಖಾಗಮನ ಬಯಸುವವರು ಅಂತ ಐತಲ್ರೀ ಸರ, ಅದರ ಕೆಳಗ ಯಾರದರ ಹೆಸರು ಬೇಕಲ್ಲ?"

"ನಂದ ಒಂದ ಹಾಕ್ರಿ," ಎಂದೆ ಉದಾರವಾಗಿ.

ಎಲ್ಲರ ಬಾಗಿಲಿನ ಕೆಳಗೆ ಕಾರ್ಡು ತೂರಿಸಿದೆ. ವಾಟ್ಸಾಪ್ ಗ್ರೂಪಿಗೂ ಅದರ ಫೋಟೊ ಹಾಕಿದೆ. ಇಪ್ಪತ್ಮೂರು ಹೆಬ್ಬೆರಳು ಬಂದವು. ಒಂದು ಹೆಬ್ಬೆರಳಿಗೆ ನಾಲ್ಕು ಹೊಟ್ಟೆ ಎಂದು ಲೆಕ್ಕ ಹಾಕಿ ಅಡುಗೆಯವರಿಗೆ ಶಿರಾ, ಗಿರಮಿಟ್, ಮಿರ್ಚಿ ಹೇಳಿಬಿಟ್ಟೆ.

ರವಿವಾರ ಬೆಳಿಗ್ಗೆ ಹತ್ತು ಗಂಟೆ. ಪೆಂಡಾಲು ಸಿದ್ಧ, ರಿಬ್ಬನ್ನು ಸಿದ್ಧ, ನೂರು ಕುರ್ಚಿ ಸಿದ್ಧ. ಕುಳಿತವರು ಇಬ್ಬರು: ಬಿಲ್ಡರ್ ಮತ್ತು ಅವರ ಡ್ರೈವರ್! ತಲೆ ಎತ್ತಿ ನೋಡಿದರೆ ಬಾಲ್ಕನಿ ಬಾಲ್ಕನಿಯಲ್ಲೂ ಜನ. ಇಳಕಲ್ ಸೀರೆ ಉಟ್ಟಿದ್ದಾರೆ, ಇಸ್ತ್ರಿ ಅಂಗಿ ತೊಟ್ಟಿದ್ದಾರೆ. ನಾನು ಕೈ ಬೀಸಿದೆ. ಅವರೂ ಬೀಸಿದರು. ಒಬ್ಬರೂ ಇಳಿಯಲಿಲ್ಲ.

ವಾಚ್‌ಮನ್ ಫಕೀರಪ್ಪ ಕಿವಿಯ ಹತ್ತಿರ ಬಂದ. "ಸರ, ಎಲ್ಲಾರೂ ತಯಾರಾಗಿ ನಿಂತಾರ್ರೀ. ನೀವು ಕರದಿಲ್ಲಂತ."

"ಕಾರ್ಡ್ ಕೊಟ್ಟೇನಲ್ಲೋ ಮಾರಾಯಾ!"

"ಕಾರ್ಡ್ ಕೊಟ್ಟೀರಿ. ಕರದಿಲ್ಲ. ಅದರಾಗ ನಿಮ್ಮೊಬ್ಬರ ಹೆಸರ ಐತಿ, ನಿಮ್ಮ ಮನಿ ವಾಸ್ತುಶಾಂತಿ ಇದ್ದಂಗ ಐತಿ ಅಂತಾರ. ಬಾಯಿಲೆ ಕರೀದ ಹೆಂಗ ಬರತಾರ್ರೀ?"

ಬಾಯಿಂದಲೇ ಕರೆಯಬೇಕಷ್ಟೇ? ಮೈಕು ಇದೆಯಲ್ಲ! ಹೆಸರು ಹಿಡಿದರೆ ಮತ್ತೆ ಹಿಂದೆ-ಮುಂದಿನ ತಕರಾರು. ಹೀಗಾಗಿ ಮನೆ ನಂಬರು ಹಿಡಿದು ಗಂಭೀರ ಧ್ವನಿಯಲ್ಲಿ ಘೋಷಿಸಿದೆ: "ನೂರಾ ಒಂದನೆಯ ಮನೆಯವರು ದಯಮಾಡಿ ಬರಬೇಕು. ನೂರಾ ಎರಡನೆಯ ಮನೆಯವರು ದಯಮಾಡಿ..."

"ಇದೇನ್ ರೇಷನ್ ಅಂಗಡಿ ಏನ್ರೀ?" ಎಂದು ಮೇಲಿನಿಂದ ಯಾರೋ ಕೂಗಿದರು. ಎರಡು ಬಾಲ್ಕನಿಗಳ ಬಾಗಿಲು ಹಾಕಿಕೊಂಡವು.

ಮೆಟ್ಟಿಲು ಹತ್ತಿ ಓಡಿದೆ. ಮೊದಲು ತಟ್ಟಿದ್ದು ನನ್ನ ಎದುರು ಮನೆಯ ಗೌರಕ್ಕನ ಬಾಗಿಲು. ಅವರು ನನ್ನನ್ನು ನೋಡಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದರು.

"ನಿಮ್ಮ ಮನಿಯವ್ರು ಎಲ್ರೀ? ಹೆಣ್ಣಮಕ್ಕಳನ್ನ ಕರ್ಯಾಕ ಅವರು ಬರಬೇಕಲ್ರೀ. ಅವರಿಗೆ ಉಡಿ ತುಂಬಬೇಕಂತ ಕುಪ್ಪಸದ ಖಣಾನೂ ತಂದಿಟ್ಟೇನಿ."

"ಅವರು ತೀರಿಕೊಂಡು ಮೂರು ವರ್ಷ ಆತ್ರೀ ಅಕ್ಕಾರ."

ಗೌರಕ್ಕ ಬಾಯಿಗೆ ಸೆರಗು ಹಿಡಿದರು. "ಅಯ್ಯ ಶಿವನ! ಊರಾಗ ಇರಬೇಕು ಅಂದ್ಕೊಂಡಿದ್ದೆ."

ನಮ್ಮ ಮನೆಯಲ್ಲಿ ಕಾರ್ಡು ಹೊರುವುದು ನನ್ನ ಕೆಲಸ, ಕರೆಯುವುದು ಹೆಂಡತಿಯ ಕೆಲಸವಾಗಿತ್ತು. ಅವಳು ಕುಂಕುಮದ ಭರಣಿ ಹಿಡಿದು ಒಳಗೆ ಹೋದರೆ ನಾನು ಹೊರಗೆ ಸ್ಕೂಟರ್ ಮೇಲೆ ಕುಳಿತು ಸಿಡಿಮಿಡಿಗೊಳ್ಳುತ್ತಿದ್ದೆ. ಅಷ್ಟು ಹೊತ್ತು ಒಳಗೆ ಏನು ಮಾತಾಡುತ್ತಾಳೆಂದು ಒಂದು ಸಲವೂ ಕೇಳಿರಲಿಲ್ಲ. ಗೌರಕ್ಕನ ಬಾಗಿಲಲ್ಲಿ ನಿಂತಾಗ ಅವಳು ಬಹಳ ನೆನಪಾದಳು.

ಗೌರಕ್ಕ ತಮ್ಮ ಭರಣಿ ಹಿಡಿದು ಮನೆ ಮನೆ ಕರೆಯಲು ಹೊರಟೇಬಿಟ್ಟರು. ಅರ್ಧ ತಾಸಿನಲ್ಲಿ ಇಡೀ ಕಟ್ಟಡ ಕೆಳಗಿಳಿಯಿತು! ನೂರು ಕುರ್ಚಿ ಸಾಲಲಿಲ್ಲ. ರಿಬ್ಬನ್ ಕತ್ತರಿಸಿದ ಬಿಲ್ಡರ್, ಇಷ್ಟು ಅಚ್ಚುಕಟ್ಟಾಗಿ ಏರ್ಪಾಡು ಮಾಡಿದ ಗೌರಕ್ಕನವರಿಗೆ ಧನ್ಯವಾದ ಅರ್ಪಿಸಿದರು. ಜೋರು ಚಪ್ಪಾಳೆ. ನಾನೂ ಹೊಡೆದೆ.

ಬಡಿಸುವವರು ಸಾಲದೆ ಸೌಟು ಹಿಡಿದು ಶಿರಾದ ಪಾತ್ರೆಯ ಹಿಂದೆ ನಿಂತೆ. ಕೊನೆಗೆ ಇಳಿದು ಬಂದ ನಾಲ್ಕನೆಯ ಮಹಡಿಯ ಹಿರಿಯರೊಬ್ಬರು ಎರಡು ಸಲ ಹಾಕಿಸಿಕೊಂಡು ನನ್ನ ಭುಜ ತಟ್ಟಿದರು.

"ಭಾಳ ಛಲೋ ಆಗೇತ್ರೀ! ಅಡಗಿ ಕಾಂಟ್ರಾಕ್ಟ್ ನಿಮ್ದ ಏನು?"

ಅಲ್ಲ, ನಾನು ನಿಮ್ಮ ಕೆಳಗಿನ ಮನೆಯವನು ಎನ್ನಲು ಬಾಯಿ ತೆರೆದೆ. ಆದರೆ ಇಲ್ಲಿಗೆ ಬಂದ ಮೇಲೆ ಯಾರೂ ನನ್ನ ಭುಜದ ಮೇಲೆ ಕೈ ಇಟ್ಟಿರಲಿಲ್ಲ. ಆ ಕೈ ತೆಗೆಸಲು ಮನಸ್ಸಾಗಲಿಲ್ಲ.

"ಹೌದ್ರೀ, ನಂದ," ಎಂದುಬಿಟ್ಟೆ.

"ಹಂಗಾರ ಬರೂ ರವಿವಾರ ಮನಿಗೆ ಬರ್ರಿ. ಮಗಳ ನಿಶ್ಚಯ ಐತಿ, ಮುನ್ನೂರು ಮಂದಿ ಆಗ್ತಾರ. ಚಹಾ ಕುಡಕೋತ ಮಾತಾಡೂಣು."

ಹೋಗುವವನಿದ್ದೇನೆ. ಅಷ್ಟರೊಳಗೆ ಮುನ್ನೂರು ಮಂದಿಯ ಶಿರಾಕ್ಕೆ ಎಷ್ಟು ರವೆ ಬೇಕೆಂದು ತಿಳಿದವರು ಹೇಳಿದರೆ ದೊಡ್ಡ ಉಪಕಾರವಾಗುತ್ತದೆ. ಒಬ್ಬನಿಗೆ ಎಷ್ಟು ಬೇಕೆಂಬುದಷ್ಟೇ ನನಗೆ ಗೊತ್ತು.