ಬಾನೆಟ್ಟಿನ ಎರಡು ಬಾಯಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಗಾಳಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಗದಗ ಬೆಟಗೇರಿಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೆ.

ಅನಾಹುತ ಶುರುವಾದದ್ದು ನಮ್ಮ ಬೀಗರಿಂದ. ಮಗಳು ಸವಿತಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದೇವೆ. ಅವಳ ಮಾವ ಸಿದ್ದಲಿಂಗಪ್ಪನವರು ಕಾಳಿನ ವ್ಯಾಪಾರಿ. ಅವರು ದೀಪಾವಳಿಗೆ ಗುಡ್ಡ ಹತ್ತುವಂಥ ಹೊಸ ಗಾಡಿ ಕೊಂಡರು. ಲಕ್ಷ್ಮೇಶ್ವರದಲ್ಲಿ ಅವರು ಹತ್ತಬೇಕಾದ ಗುಡ್ಡ ಯಾವುದೋ, ಇಂದಿಗೂ ನನಗೆ ತಿಳಿದಿಲ್ಲ! ಆ ಗಾಡಿಯ ಬಾನೆಟ್ಟಿನ ಮೇಲೆ ಮೂಗಿನ ಹೊಳ್ಳೆಗಳಂತೆ ಎರಡು ಕಪ್ಪು ಕಿಂಡಿಗಳಿದ್ದವು.

"ಇವು ಯಾಕ್ರಿ?" ಎಂದೆ.

"ಇಂಜಿನ್ ಉಸಿರಾಡಬೇಕಲ್ರಿ ಮಾಸ್ತರ," ಎಂದವರು ನನ್ನ ಹಳೆಯ ಜೀಪನ್ನು ಒಮ್ಮೆ ನೋಡಿ, "ನಿಮ್ಮದಕ್ಕ ಆ ಚಿಂತಿ ಇಲ್ಲ ಬಿಡ್ರಿ. ಅದು ಉಸರ ಬಿಟ್ಟು ಭಾಳ ವರ್ಷ ಆತು," ಎಂದರು.

ಮರುದಿನವೇ ಗದಗಿನ ಅಂಗಡಿಯೊಂದರಿಂದ ಅಂಥವೇ ಎರಡು ಪ್ಲಾಸ್ಟಿಕ್ ಕಿಂಡಿ ತಂದೆ. ಹಿಂದೆ ಅಂಟು ಇತ್ತು, ಒತ್ತಿದೆ, ಕೂತವು. ಜೀಪು ಹತ್ತು ವರ್ಷ ಚಿಕ್ಕದಾಯಿತು. ನಾನೂ ಐದು ವರ್ಷ ಚಿಕ್ಕವನಾದೆ.

ಹೆಂಡತಿ ಗಿರಿಜಾ ಅಂಗಳ ಗುಡಿಸುವುದನ್ನು ನಿಲ್ಲಿಸಿ ಬಂದು ನೋಡಿದಳು. "ಇದರಾಗ ಗಾಳಿ ಹೊಕ್ಕೈತೇನ್ರಿ?"

"ವೈಜ್ಞಾನಿಕವಾಗಿ ಹೋಗಲೇಬೇಕು."

ಅವಳು ಕಸಬರಿಗೆಯ ಕಡ್ಡಿಯೊಂದನ್ನು ಕಿತ್ತು ಕಿಂಡಿಯೊಳಗೆ ತೂರಿಸಿದಳು. ಅರ್ಧ ಬೆರಳಿನಷ್ಟು ಹೋಗಿ ತಗಡಿಗೆ ಟಕ್ಕೆಂದು ತಾಗಿ ನಿಂತಿತು. "ಕಡ್ಡಿ ಹೋಗವಲ್ತು, ಗಾಳಿ ಹೆಂಗ ಹೊಕ್ಕೈತ್ರಿ ಸರ?" ಎಂದಳು. ಮನೆಯಲ್ಲಿ ಅವಳು ನನ್ನನ್ನು 'ಸರ' ಎಂದು ಕರೆದಳೆಂದರೆ ನಾನು ನಪಾಸಾದೆ ಎಂದು ಅರ್ಥ.

ಬುದ್ಧಿವಂತನಾದವನು ಇಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಪ್ಲಾಸ್ಟಿಕ್ ಕಿಂಡಿಗಳನ್ನು ಕಿತ್ತು ಬಿಸಾಕಿ, ತಗಡಿನ ಕೆಲಸದ ಖಾದರಸಾಬನ ಬಳಿ ಹೋದೆ. ಟ್ರಂಕು, ಡಬ್ಬಿ, ಒಲೆ ಮಾಡುವುದರಲ್ಲಿ ಅವನದು ಎತ್ತಿದ ಕೈ.

"ಒಲಿಗೆ ತೂತ ಬೇಕು, ಖರೆ. ಬಾನೆಟ್ಟಿಗೆ ಯಾಕ್ರಿ ಸರ?" ಎಂದ ಅವನು. ಅರ್ಧ ತಾಸು ಪಾಠ ಮಾಡಿದೆ. ಕೊನೆಗೆ ಸೋತು ಕತ್ತರಿ ಎತ್ತಿಕೊಂಡವನು, "ಆತ್ರಿ, ಆದರ ಬಾಯಿ ಹಿಂದಕ್ಕ ಮಾಡ್ತೇನಿ. ಮುಂದಕ್ಕ ಮಾಡಿದ್ರ ಕಂಡದ್ದೆಲ್ಲ ಒಳಗ ಹೊಕ್ಕೈತಿ," ಎಂದ.

"ಮುಂದಕ್ಕೇ ಮಾಡು! ಗಾಳಿಯನ್ನು ಎದುರಿನಿಂದ ಹಿಡಿಯಬೇಕು," ಎಂದು ಆಜ್ಞಾಪಿಸಿದೆ. ಅವನು ಮಾಡಿದ. ಮನೆಯಲ್ಲಿ ಗಿರಿಜಾಳ ಕಡ್ಡಿ ಸಲೀಸಾಗಿ ಒಳಗೆ ಹೋಗಿ ಇಂಜಿನ್ನಿನ ಮೇಲೆ ಬಿತ್ತು. ನನ್ನ ಜಯ ಸಂಪೂರ್ಣವಾಯಿತು!

ಫೆಬ್ರುವರಿಯಲ್ಲಿ ಸವಿತಾಳ ಕುಬಸ, ಅಂದರೆ ಸೀಮಂತ, ಬಂತು. ಚೊಚ್ಚಲ ಬಸಿರು. ತವರಿನ ಹಸಿರು ಸೀರೆ, ಕುಬಸದ ಖಣ, ಬುತ್ತಿ ಹೋಗುವವರೆಗೆ ಅವಳನ್ನು ಮಣೆಯ ಮೇಲೆ ಕೂರಿಸುವಂತಿಲ್ಲ. ಗಿರಿಜಾ ನಾಲ್ಕು ದಿನ ಒಲೆಯ ಮುಂದೆ ಕೂತು ಕಡಕ್ ರೊಟ್ಟಿ ಮಾಡಿದ್ದಳು, ಮುಟ್ಟಿದರೆ ಹಪ್ಪಳದಂತೆ ಮುರಿಯಬೇಕು, ಅಂಥವು. ಹನ್ನೆರಡರೊಳಗೆ ಶಾಸ್ತ್ರ ಮುಗಿಯಬೇಕು. "ಬಸ್ಸಿಗೆ ಹೋಗೂಣ್ರಿ," ಎಂದಳು. "ಬೀಗರ ಮನೆಗೆ ಬಸ್ಸಿನಲ್ಲೇ?" ಎಂದೆ.

ಲಕ್ಷ್ಮೇಶ್ವರದ ದಾರಿಯಲ್ಲಿ ಮಾಗಡಿಯವರೆಗೆ ಜೀಪು ಕುದುರೆಯಂತೆ ಓಡಿತು. ಅಲ್ಲಿನ ಕೆರೆ ದಾಟಿದ್ದೇ ತಡ, ರಸ್ತೆಯ ತುಂಬ ಕಡಲೆ ಗಿಡ ಹರವಿದ್ದರು. ಗಾಡಿಗಳು ಹಾಯ್ದು ಹೋಗಲಿ, ಕಾಳು ತಾನೇ ಉದುರಲಿ ಎಂದು ನಮ್ಮ ಕಡೆ ಸುಗ್ಗಿಯಲ್ಲಿ ಹೀಗೇ ಹರವುತ್ತಾರೆ. ನನ್ನ ಮುಂದೆ ಹೋಗುತ್ತಿದ್ದ ಲಾರಿ ಹೊಟ್ಟನ್ನೆಲ್ಲ ಮೇಲಕ್ಕೆಬ್ಬಿಸಿತು. ನನ್ನ ಎರಡು ಬಾಯಿಗಳು ಅದನ್ನು ಎದುರಿನಿಂದ ಹಿಡಿದವು. ಒಂದು ಎಸಳನ್ನೂ ಬಿಡಲಿಲ್ಲ!

"ರೀ, ಹೊಗಿ!" ಎಂದು ಗಿರಿಜಾ ಚೀರಿದಳು. ಒಣ ಹೊಟ್ಟು ಕಾದ ಇಂಜಿನ್ನಿನ ಮೇಲೆ ಬಿದ್ದು ಹೊತ್ತಿಕೊಂಡಿತ್ತು. ಎರಡೂ ಕಿಂಡಿಗಳಿಂದ ಹೊಗೆ ಬುಸುಬುಸು ಎನ್ನುತ್ತಿತ್ತು. ಇಂಜಿನ್ ಕೊನೆಗೂ ಉಸಿರಾಡುತ್ತಿತ್ತು.

ಕಡಲೆ ಹರವಿದ್ದ ಮುದುಕಿ ಒಂದು ಕೊಡ ನೀರು ಹಿಡಿದು ಓಡಿಬಂದು ಕಿಂಡಿಯೊಳಗೇ ಸುರಿದಳು. "ನೀರ ಹಾಕಾಕ ಛಲೋ ಬಾಯಿ ಮಾಡ್ಸೀಯೋ ಯಪ್ಪಾ!" ಎಂದು ಮೆಚ್ಚಿಕೊಂಡಳು. ನನ್ನ ಕಿಂಡಿಗೆ ದೊರೆತ ಏಕೈಕ ಪ್ರಶಂಸೆ ಅದು. ಬೆಂಕಿ ಆರಿತು. ಇಂಜಿನ್ನೂ ಆರಿತು. ಕೀಲಿ ತಿರುವಿದರೂ ಕಿಮಕ್ಕೆನ್ನಲಿಲ್ಲ.

ಗಿರಿಜಾ ಅಳುವ ದನಿಯಲ್ಲಿ ಬೀಗರಿಗೆ ಫೋನ್ ಮಾಡಿದಳು. ಜೀಪಿನೊಳಗೆಲ್ಲ ಹೊಗೆ ತುಂಬಿತ್ತು, ಆದ್ದರಿಂದ ನಾನು ರೊಟ್ಟಿಯ ಗಂಟನ್ನು ಹೊರಗೆ ತಂದೆ. "ಬುತ್ತಿ ನೆಲಕ್ಕಿಡಬ್ಯಾಡ್ರಿ!" ಎಂದು ಅವಳು ಕೂಗಿದಳು. ಇಡಲಿಲ್ಲ. ಬಾನೆಟ್ಟಿನ ಮೇಲೆ, ಸರಿಯಾಗಿ ಕಿಂಡಿಗಳ ಮೇಲೆ ಇಟ್ಟೆ.

ಬೀಗರು ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ಅವರ ಗಾಡಿ ಅದೇ ಕಡಲೆಯ ಮೇಲೆ ಹಾಯ್ದೇ ಬಂದಿತ್ತು. ನಾನು ಅವರ ಕಿಂಡಿಯೊಳಗೆ ಬೆರಳು ತೂರಿಸಿದೆ. ಟಕ್!

"ಮುಚ್ಚೇ ಇರ್ತಾವ್ರಿ ಮಾಸ್ತರ," ಎಂದರು ಬೀಗರು. "ತೆರದ್ರ ಹೊಟ್ಟು ಹೋಗಂಗಿಲ್ಲೇನು? ಇವು ಬರೇ ಛಂದಕ್ಕ."

"ಮತ್ತ ಉಸಿರಾಟ ಅಂದಿದ್ರಿ?"

"ಏ, ಮಾತಿಗೆ ಅಂದೇರಿ! ನೀವು ಸೈನ್ಸ್ ಮಾಸ್ತರು, ನಿಮಗ ಗೊತ್ತಿರ್ತೈತಿ ಅನ್ಕೊಂಡೆ."

ಅವರದೇ ಗಾಡಿಯಲ್ಲಿ ಲಕ್ಷ್ಮೇಶ್ವರ ಮುಟ್ಟಿದಾಗ, ಸವಿತಾ ತವರಿನ ಬುತ್ತಿಯನ್ನೇ ಮೊದಲು ಉಣ್ಣುತ್ತೇನೆಂದು ಹಟ ಹಿಡಿದು, ಬೆಳಗಿನಿಂದ ಒಂದು ಲೋಟ ಹಾಲಿನ ಮೇಲೆ ಇದ್ದಳು. ಅವಳ ಬಾಡಿದ ಮುಖ ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಹೊತ್ತು ಮೀರಿದರೂ ಹೆಂಗಸರು ಅವಳಿಗೆ ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಗಂಟು ಬಿಚ್ಚಿದರು. ಬೀಗತಿ ಒಂದು ರೊಟ್ಟಿ ಎತ್ತಿದರು. ಅದು ಹಿಂಡಿದ ಅರಿವೆಯಂತೆ ಅವರ ಕೈಯಿಂದ ಜೋತುಬಿತ್ತು.

"ಗದಗಿನ್ಯಾಗ ಕಡಕ್ ರೊಟ್ಟಿ ಅಂದ್ರ ಹಿಂಗ ಇರ್ತಾವೇನ್ರಿ?"

ಗಿರಿಜಾ ನೆಲ ನೋಡಿದಳು. ನಾಲ್ಕು ದಿನದ ಅವಳ ಬೆವರನ್ನು ನಾನು ಕಾಲು ತಾಸಿನಲ್ಲಿ ಉಗಿಯಲ್ಲಿ ಬೇಯಿಸಿದ್ದೆ. ಸವಿತಾ ಮಾತ್ರ ಒಂದನ್ನು ಸುತ್ತಿ ಕಚ್ಚಿ, "ಅಪ್ಪಾ, ಪೆಟ್ರೋಲ್ ವಾಸನಿ ಬರ್ತೈತಿ," ಎಂದಳು. ಆದರೂ ಎರಡು ತಿಂದಳು. ಅವಳು ನನ್ನ ಮಗಳು, ಹಟಕ್ಕೆ ತಿಂದಳು.

ಮರುದಿನ ಜೀಪನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನೇರ ಖಾದರಸಾಬನ ಅಂಗಡಿಗೆ ಎಳೆಸಿದೆ. ಅವನು ತೂತುಗಳನ್ನು ನೋಡಿ ತಲೆ ಕೆರೆದುಕೊಂಡ. "ಇಷ್ಟ ಅಳತಿದು ಮುಚ್ಚಾಕ ಏನರ ಬೇಕಲ್ರಿ ಸರ."

ಜೊತೆಗೆ ಬಂದಿದ್ದ ಗಿರಿಜಾ ಚೀಲದಿಂದ ನಾನು ಬಿಸಾಕಿದ್ದ ಪ್ಲಾಸ್ಟಿಕ್ ಕಿಂಡಿಗಳನ್ನು ತೆಗೆದು ಕೊಟ್ಟಳು. ಖಾದರಸಾಬ ತೂತಿನ ಬಾಯಿ ಬಡಿದು ಮಟ್ಟ ಮಾಡಿ, ತಗಡಿನ ತುಂಡು ಇಟ್ಟು, ಮೇಲೆ ಅವನ್ನೇ ಅಂಟಿಸಿದ. ಅಳತೆ ಸರಿಯಾಗಿ ಕೂತಿತು.

ಅಲಂಕಾರದ ಕಿಂಡಿಗಳಿಂದ ಏನಾದರೂ ಉಪಯೋಗ ಉಂಟೇ ಎಂದು ಯಾರಾದರೂ ಕೇಳಿದರೆ ಈಗ ನನ್ನಲ್ಲಿ ಅನುಭವದ ಉತ್ತರವಿದೆ. ಉಂಟು. ವಿಜ್ಞಾನದ ಮಾಸ್ತರು ಮಾಡಿಸಿದ ತೂತು ಮುಚ್ಚಲು ಬರುತ್ತವೆ.

ಗಿರಿಜಾ ಅಂಗಡಿಯ ಮೂಲೆಯಲ್ಲಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ತೂರಿಸಿದಳು. ಟಕ್!

"ಈಗ ಖರೆ ಪಾಸಾದ್ರಿ, ಸರ," ಎಂದಳು.