ನಾಯಿಯ ಮೊಣಕಾಲಿಗೊಂದು ಯಂತ್ರ

ಹಾವಿಗೆ ಹೆದರುತ್ತೇನೆ, ಮೇಲಧಿಕಾರಿಗೆ ಹೆದರುತ್ತೇನೆ ಎಂದರೆ ಯಾರೂ ನಗುವುದಿಲ್ಲ. ನನ್ನ ಭಯ ಹಾಗೆ ಹೇಳಿಕೊಳ್ಳುವಂಥದ್ದಲ್ಲ. ನಾನು ದನದ ಡಾಕ್ಟರು; ನನಗೆ ನಾಯಿಗಳೆಂದರೆ ಭಯ. ಒದೆಯುವ ಎಮ್ಮೆಯ ಹಿಂದೆ ನಿಶ್ಚಿಂತೆಯಿಂದ ನಿಲ್ಲುವ ನನಗೆ ನಾಯಿ ಆಕಳಿಸಿದರೂ ಅಂಗೈ ಬೆವರುತ್ತದೆ. ಹೋದ ವರ್ಷ, 1972ರಲ್ಲಿ, ಕುರುಗೋಡಿಗೆ ವರ್ಗವಾದಾಗ, ಇಲ್ಲಿ ನಾಯಿಗೆ ಮದ್ದು ಕೊಡಿಸುವವರು ಯಾರಿದ್ದಾರು ಎಂದು ಒಳಗೊಳಗೇ ಹಿಗ್ಗಿದ್ದೆ.

ಹಿಗ್ಗು ಬಹಳ ದಿನ ಬಾಳಲಿಲ್ಲ. ಒಂಟಿಯಾಗಿ ಹೊಲಮನೆ ನಡೆಸುತ್ತಿದ್ದ ಬಸಮ್ಮ ಒಂದು ಬೆಳಿಗ್ಗೆ ಆಸ್ಪತ್ರೆಗೆ ಬಂದರು. "ಡಾಕ್ಟ್ರ, ನಮ್ಮ ನಾಯಿ, ಹುಲಿಯ ಅಂತ, ಶೇಂಗಾ ಹೊಲದಾಗ ಕಾಲುವಿ ಜಿಗ್ಯಾಕ ಹೋಗಿ ಬಿತ್ರಿ. ಹಿಂದಿನ ಕಾಲು ಊರವಲ್ದು. ಅಮಾಸಿಗೆ ಬರಿ ಹಾಕಸ್ರಿ ಅಂತಾರ ಎಲ್ಲಾರೂ. ನನಗ ಮನಸಿಲ್ಲ. ಒಳಗ ಏನಾಗೇತಿ ಅಂತ ನೀವು ಹೇಳಿದ್ರ ಬರಿ ಹಾಕಸೂದು ಬಿಡ್ತೀನಿ."

ಬರೆಯೆಂದರೆ ಕಾದ ಕುಡುಗೋಲಿನಿಂದ ಮೊಣಕಾಲನ್ನು ಸುಡುವುದು. ಕುಂಟುವ ಎತ್ತಿಗೆ ಮಾಡುವುದನ್ನೇ ನಾಯಿಗೂ ಮಾಡುತ್ತಾರೆ. ಒಳಗೆ ಏನಾಗಿರಬಹುದೆಂದು ನನಗೆ ಅಂದಾಜಿತ್ತು. ಎರಡು ಎಲುಬುಗಳನ್ನು ಹಿಡಿದಿಡುವ ನಾರೊಂದು ಮೊಣಕಾಲಿನೊಳಗಿದೆ. ಅದು ಹರಿದರೆ ಕೆಳಗಿನ ಎಲುಬು ಮುಂದಕ್ಕೆ ಜಾರುತ್ತದೆ. ಖಾತ್ರಿ ಮಾಡಿಕೊಳ್ಳಬೇಕಾದರೆ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಬೇಕು. ಆಗ ನನ್ನ ಮೂಗಿಗೂ ಹುಲಿಯನ ಹಲ್ಲಿಗೂ ಗೇಣು ದೂರ. "ಅದಕ್ಕೊಂದು ಯಂತ್ರ ಬೇಕಾಗ್ತೈತ್ರಿ, ಮಾಡಸ್ತೀನಿ" ಎಂದುಬಿಟ್ಟೆ.

ಬಳ್ಳಾರಿಯ ಸೈಕಲ್ ಅಂಗಡಿಯೊಂದರಲ್ಲಿ ಕೂತು ಮಾಡಿಸಿದೆ. ತೊಡೆಗೊಂದು, ಮೊಣಕಾಲ ಕೆಳಗೊಂದು ಚರ್ಮದ ಪಟ್ಟಿ. ನಡುವೆ ಗಡಿಯಾರದ ಮುಳ್ಳು, ಅದರ ಹಿಂದೆ ಶಾಲೆಯ ಅಡಿಪಟ್ಟಿಯ ತುಂಡು. ಕೆಳಗಿನ ಪಟ್ಟಿಗೆ ಉದ್ದನೆಯ ಬ್ರೇಕ್ ವೈರು, ಅದರ ತುದಿಗೆ ಸೈಕಲ್ಲಿನ ಬ್ರೇಕ್ ಹಿಡಿ. ದೂರದಲ್ಲಿ ನಿಂತು ಬ್ರೇಕ್ ಹಿಡಿದರೆ ಎಲುಬು ಜಾರಿದಷ್ಟು ಮುಳ್ಳು ಸರಿಯಬೇಕು. ಎಷ್ಟು ಉದ್ದದ ವೈರು ಬೇಕೆಂದು ಅಂಗಡಿಯವನು ಕೇಳಿದಾಗ, ನಿನ್ನ ಹತ್ತಿರ ಇರುವಷ್ಟೂ ಕೊಡು ಎಂದಿದ್ದೆ. ಸಿರುಗುಪ್ಪದ ಕಡೆಯವಳಾದ ನನ್ನ ಹೆಂಡತಿ ಅದನ್ನು ತಿರುವಿ ತಿರುವಿ ನೋಡಿ, "ಎಲ್ಲಾ ಚಂದ ಐತ್ರಿ. ನಾಯಿ ಕಾಲಿಗೆ ಇದನ್ನ ಕಟ್ಟೋರು ಯಾರು?" ಎಂದಳು. ನಾನು ಕೇಳಿಸಿಕೊಳ್ಳದವನಂತೆ ಪಕ್ಕದ ಮನೆಯ ಆಡಿಗೆ ಕಟ್ಟಿ ಪರೀಕ್ಷಿಸಿದೆ. ಮುಳ್ಳು ಅಲುಗಲಿಲ್ಲ. ಆಡಿನ ಕಾಲು ಗಟ್ಟಿಯಿದೆ, ಯಂತ್ರವೂ ಸರಿಯಿದೆ ಎಂದುಕೊಂಡೆ.

ಅಮಾವಾಸ್ಯೆಯ ದಿನ ಬಸಮ್ಮನ ಅಂಗಳಕ್ಕೆ ಹೋದರೆ, ಬರೆ ಹಾಕುವವನು ಆಗಲೇ ಕೆಂಡದಲ್ಲಿ ಕುಡುಗೋಲು ಇಟ್ಟು ಕೂತಿದ್ದ. ಬಸಮ್ಮ ಹುಲಿಯನ ಮೂತಿಗೆ ಬಟ್ಟೆ ಸುತ್ತಿ, ತಾವೇ ಪಟ್ಟಿ ಕಟ್ಟಿದರು. ನಾನು ಬಂಡಿಯ ಮರೆಯಲ್ಲಿ ನಿಂತು ಬ್ರೇಕ್ ಹಿಡಿದೆ. ಮುಳ್ಳು ಕುಣಿಯಿತು. ಒಳ್ಳೆಯ ಕಾಲಿಗೆ ಕಟ್ಟಿಸಿದೆ. ಅಲ್ಲೂ ಕುಣಿಯಿತು.

"ಎರಡೂ ಕಾಲು ಹೋಗ್ಯಾವೇನ್ರಿ?" ಬಸಮ್ಮನ ಮುಖ ಬಾಡಿತು. ಆಮೇಲೆ ವೈರಿನ ಗುಂಟ ಕಣ್ಣು ಹಾಯಿಸುತ್ತ ನನ್ನವರೆಗೆ ಬಂದರು. "ಡಾಕ್ಟ್ರ, ನಿಮ್ಮ ಕೈ ಒಮ್ಮೆ ನೋಡ್ಕೋರಿ."

ನೋಡಿಕೊಂಡೆ. ಗಡಗಡ ನಡುಗುತ್ತಿತ್ತು. ಆಡಿನ ಮುಂದೆ ನಡುಗದ ಕೈ ನಾಯಿಯ ಮುಂದೆ ನಡುಗುತ್ತದೆ ಎಂಬ ಲೆಕ್ಕವನ್ನೇ ನಾನು ಹಾಕಿರಲಿಲ್ಲ.

"ಕೆಂಡ ಆರಾಕತ್ಯಾವ್ರಿ" ಎಂದು ಬರೆ ಹಾಕುವವನು ಎದ್ದ. ಕುಡುಗೋಲು ಕೆಂಪಗಿತ್ತು. ಹುಲಿಯ ಅದನ್ನು ನೋಡಿ ಮೈಯೆಲ್ಲ ನಡುಗತೊಡಗಿತು. ಆ ಅಂಗಳದಲ್ಲಿ ನನ್ನಷ್ಟು ಹೆದರಿದ್ದ ಇನ್ನೊಂದು ಜೀವ ಅದೊಂದೇ. ಬ್ರೇಕ್ ಬಿಟ್ಟು, ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ ಅದರ ಮೊಣಕಾಲಿಗೆ ಎರಡೂ ಕೈ ಹಾಕಿದೆ. ಎಲುಬು ಸರಕ್ಕನೆ ಮುಂದೆ ಜಾರಿತು. ಇನ್ನೊಂದು ಕಾಲನ್ನೂ ಹಿಡಿದೆ, ಅದು ಗಟ್ಟಿಯಿತ್ತು.

"ಒಳಗಿನ ನಾರು ಹರದೈತ್ರಿ. ಸುಟ್ರ ಅದು ಕೂಡಂಗಿಲ್ಲ. ಓಡಾಡಾಕ ಬಿಡಬ್ಯಾಡ್ರಿ, ಕಟ್ಟಿ ಹಾಕ್ರಿ" ಎಂದೆ. ಬಸಮ್ಮ ಒಂದು ಕೊಡ ನೀರು ತಂದು ಕೆಂಡದ ಮೇಲೆ ಸುರಿದರು.

ಹುಲಿಯ ನಿಧಾನಕ್ಕೆ ಕಾಲೂರಿತು. ಸ್ವಲ್ಪ ಕುಂಟು ಉಳಿಯಿತು. ಇದರಿಂದ ನನ್ನ ಭಯ ಹೋಯಿತೆಂದು ನೀವು ತಿಳಿದಿದ್ದರೆ ಅದು ನಿಮ್ಮ ಒಳ್ಳೆಯತನ. ಕಟ್ಟಿದ್ದ ಹಗ್ಗ ಬಿಚ್ಚಿದ ದಿನದಿಂದ ಹುಲಿಯ ಬೆಳಗಾದರೆ ಬಂದು ಆಸ್ಪತ್ರೆಯ ಬಾಗಿಲಿಗೆ ಅಡ್ಡ ಮಲಗತೊಡಗಿತು. "ನಿಮ್ಮ ಉಪಕಾರ ಮರ್ತಿಲ್ಲರಿ ಅದು" ಎಂದು ಬಸಮ್ಮ ಕಣ್ಣು ಒರೆಸಿಕೊಂಡರು. ನಾನು ದಿನಾ ಹಿಂದಿನ ಗೋಡೆ ಹಾರಿ ಡ್ಯೂಟಿಗೆ ಹೋಗುತ್ತಿದ್ದೆ. ಮೊನ್ನೆ ಹಾಗೆ ಹಾರಿ ಮೊಣಕಾಲು ಉಳುಕಿಸಿಕೊಂಡು ಮಲಗಿದ್ದೇನೆ. ಆಸ್ಪತ್ರೆಯಲ್ಲಿ ನನ್ನನ್ನು ಕಾಣದೆ ಹುಲಿಯ ಈಗ ಮನೆಗೇ ಬರುತ್ತಿದೆ. ಹೆಂಡತಿ ಅದನ್ನು ಒಳಗೆ ಕರೆದು, ನನ್ನ ಮಂಚದ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಟ್ಟಿದ್ದಾಳೆ.